ಶಾಲಾ ಸಂಸತ್ತಿಗೆ ಮಂತ್ರಿಗಳನ್ನು ಆರಿಸಿದ ಮೇಲೆ ಅವರಿಗೆ ಕೆಲಸವೇನು?

ಸಮಾಜ ವಿಜ್ಞಾನ ಶಿಕ್ಷಕಿ, ತುಮಕೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಹನ್ನೊಂದು ವರ್ಷಗಳಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಪ್ರತಿ ವರ್ಷ ಶಾಲೆ ಶುರುವಾದ ತಿಂಗಳೊಳಗೆ ಶಾಲಾ ಸಂಸತ್ತಿನ ಚುನಾವಣೆ ನಡೆಸುವ ಹೊಣೆ ನನ್ನದೇ. ಅಧಿಸೂಚನೆ ಹೊರಡಿಸುತ್ತೇವೆ, ನಾಮಪತ್ರ ಪಡೆಯುತ್ತೇವೆ, ಹಿಂತೆಗೆದುಕೊಳ್ಳಲು ಒಂದು ದಿನ ಬಿಡುತ್ತೇವೆ, ಚಿಹ್ನೆ ಹಂಚುತ್ತೇವೆ. ಮತದಾನದ ದಿನ ಮೊಬೈಲಿನಲ್ಲಿ ಮತಯಂತ್ರದ ಆ್ಯಪ್ ತೆರೆದಿಟ್ಟು, ಒಂದನೇ ತರಗತಿಯ ಮಗುವಿನಿಂದ ಹಿಡಿದು ಏಳನೇ ತರಗತಿಯವರೆಗೆ ಎಲ್ಲರ ಎಡಗೈ ತೋರುಬೆರಳಿಗೆ ಮಾರ್ಕರ್‌ನಿಂದ ಗುರುತು ಹಾಕಿ ಮತ ಹಾಕಿಸುತ್ತೇವೆ. ಸಂಜೆಯೊಳಗೆ ಪ್ರಧಾನಮಂತ್ರಿ, ಆರೋಗ್ಯ ಮಂತ್ರಿ, ಆಹಾರ ಮಂತ್ರಿ, ಕ್ರೀಡಾ ಮಂತ್ರಿ, ವಿರೋಧ ಪಕ್ಷದ ನಾಯಕ ಎಲ್ಲರೂ ಆಯ್ಕೆಯಾಗಿರುತ್ತಾರೆ. ಮರುದಿನ ಪ್ರಾರ್ಥನೆಯ ವೇಳೆಯಲ್ಲಿ ಪ್ರಮಾಣವಚನ ನಡೆಯುತ್ತದೆ. ಅಲ್ಲಿಗೆ ಆ ವರ್ಷದ ಪ್ರಜಾಪ್ರಭುತ್ವದ ಪಾಠ ಮುಗಿಯುತ್ತದೆ.

ಎರಡು ವರ್ಷದ ಹಿಂದೆ ಆರನೇ ತರಗತಿಯ ಹುಡುಗನೊಬ್ಬ ಆರೋಗ್ಯ ಮಂತ್ರಿಯಾಗಿ ಗೆದ್ದ. ಮೂರು ದಿನ ಬಿಟ್ಟು ಸ್ಟಾಫ್ ರೂಮಿನ ಬಾಗಿಲಿಗೆ ಬಂದು, "ಮಿಸ್, ಈಗ ನಾನೇನು ಮಾಡಬೇಕು?" ಎಂದು ಕೇಳಿದ. ಬಿಸಿಯೂಟಕ್ಕೆ ಮೊದಲು ಎಲ್ಲರೂ ಕೈ ತೊಳೆಯುವಂತೆ ನೋಡಿಕೋ ಎಂದೆ. ಅದನ್ನು ಅವನು ಮನಸ್ಸಿಟ್ಟು ಮಾಡಿದ. ಆಮೇಲೆ ಒಂದು ದಿನ, ಹೆಣ್ಣುಮಕ್ಕಳ ಶೌಚಾಲಯದ ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಬಾಗಿಲಿಗೆ ಚಿಲಕವೂ ಇಲ್ಲ ಎಂದು ಹುಡುಗಿಯರು ಅವನಿಗೆ ಹೇಳಿದರಂತೆ. ಅವನು ನನಗೆ ಹೇಳಿದ, ನಾನು ಮುಖ್ಯ ಶಿಕ್ಷಕರಿಗೆ ಹೇಳಿದೆ, ಅನುದಾನ ಬಂದ ಮೇಲೆ ನೋಡೋಣ ಎಂದು ಅವರು ಹೇಳಿದರು. ಹುಡುಗ ಇನ್ನೂ ಎರಡು ಸಲ ಬಂದು ಕೇಳಿದ. ಆಮೇಲೆ ಕೇಳುವುದನ್ನು ಬಿಟ್ಟ. ಮುಂದಿನ ವರ್ಷ ನಾಮಪತ್ರ ಏಕೆ ಹಾಕಲಿಲ್ಲವೆಂದು ವಿಚಾರಿಸಿದಾಗ, "ಗೆದ್ರೂ ಏನೂ ಮಾಡೋಕಾಗಲ್ಲ ಮಿಸ್" ಎಂದುಬಿಟ್ಟ.

ಹನ್ನೆರಡು ವರ್ಷದ ಮಗುವಿಗೆ ಈ ಮಾತನ್ನು ಕಲಿಸಿದವಳು ನಾನೇ ಎಂಬುದು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಚುನಾವಣೆಯನ್ನು ಶಾಸ್ತ್ರಕ್ಕೆ ಮಾಡಿ ಮುಗಿಸಿದರೆ, ಮತ ಎಂದರೆ ಒಂದು ಶಾಸ್ತ್ರ ಎಂದೇ ಮಕ್ಕಳು ತಿಳಿಯುತ್ತಾರೆ. ಆಡಳಿತ ಹೇಗೆ ನಡೆಯುತ್ತದೆ, ಮತಕ್ಕೆ ಏಕೆ ಬೆಲೆಯಿದೆ ಎಂಬುದನ್ನು ಮಕ್ಕಳ ಅನುಭವಕ್ಕೆ ಬರುವಂತೆ ನೀವು ಹೇಗೆ ಕಲಿಸಿದ್ದೀರಿ? ಪಠ್ಯದಲ್ಲಿರುವ 224 ವಿಧಾನಸಭಾ ಕ್ಷೇತ್ರ, 28 ಲೋಕಸಭಾ ಕ್ಷೇತ್ರಗಳ ಲೆಕ್ಕವನ್ನು ಅವರು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ನಾನು ಕೇಳುತ್ತಿರುವುದು ಅದರಾಚೆಯದನ್ನು.

ನಿವೃತ್ತ ಮುಖ್ಯ ಶಿಕ್ಷಕ, ಚಾಮರಾಜನಗರ ಜಿಲ್ಲೆ

ಮೇಡಂ, ನಿಮ್ಮ ನೋವು ಅರ್ಥವಾಯಿತು. ಆದರೂ "ಶಾಸ್ತ್ರ" ಎಂದು ನೀವು ಕರೆದದ್ದನ್ನು ಅಷ್ಟು ಬೇಗ ಕೈಬಿಡಬೇಡಿ ಎಂಬುದು ನನ್ನ ಕೋರಿಕೆ. ಸೇವೆಯಲ್ಲಿದ್ದಾಗ ಹಲವು ಚುನಾವಣೆಗಳಲ್ಲಿ ಮತಗಟ್ಟೆ ಅಧ್ಯಕ್ಷಾಧಿಕಾರಿಯಾಗಿ ಕೆಲಸ ಮಾಡಿದ್ದೇನೆ. ಮತಗಟ್ಟೆಯ ಒಂದೊಂದು ನಿಯಮದ ಹಿಂದೆಯೂ ಒಂದು ಅನುಮಾನವಿದೆ, ಅದಕ್ಕೊಂದು ಉತ್ತರವಿದೆ. ಮಕ್ಕಳಿಗೆ ಆ ಅನುಮಾನವನ್ನು ಮೊದಲು ಕೊಟ್ಟು, ಉತ್ತರವನ್ನು ಅವರಿಂದಲೇ ಹುಡುಕಿಸಬೇಕು.

ನಾನು ತರಗತಿಯಲ್ಲಿ ಮಾಡುತ್ತಿದ್ದುದು ಇಷ್ಟು. ಮೂರು ಬೆಂಚುಗಳನ್ನು ಸಾಲಾಗಿ ಇಟ್ಟು ಮೂವರು ಮಕ್ಕಳನ್ನು ಮತಗಟ್ಟೆ ಅಧಿಕಾರಿಗಳಾಗಿ ಕೂರಿಸುತ್ತಿದ್ದೆ. ಮೊದಲನೆಯವನು ಪಟ್ಟಿ ನೋಡಿ ಮತದಾರನ ಕ್ರಮಸಂಖ್ಯೆ, ಹೆಸರನ್ನು ಗಟ್ಟಿಯಾಗಿ ಓದಬೇಕು. ಗಟ್ಟಿಯಾಗಿ ಏಕೆ? ಎದುರಿಗೆ ಕುಳಿತ ಅಭ್ಯರ್ಥಿಗಳ ಏಜೆಂಟರಿಗೆ ಕೇಳಿಸಬೇಕು, ಬೇರೆಯವರ ಹೆಸರಿನಲ್ಲಿ ಯಾರಾದರೂ ಬಂದಿದ್ದರೆ ಅವರು ಆಕ್ಷೇಪಿಸಬೇಕು. ಎರಡನೆಯವನು ಬೆರಳಿಗೆ ಶಾಯಿ ಹಚ್ಚಿ, ವಹಿಯಲ್ಲಿ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡು ಚೀಟಿ ಕೊಡಬೇಕು. ಮೂರನೆಯವನು ಆ ಚೀಟಿ ಪಡೆದು ಕಂಟ್ರೋಲ್ ಯೂನಿಟ್‌ನ ಗುಂಡಿ ಒತ್ತಿದ ಮೇಲೆಯೇ ಒಳಗಿನ ಬ್ಯಾಲೆಟ್ ಯೂನಿಟ್ ಒಂದು ಮತಕ್ಕೆ ಮಾತ್ರ ತೆರೆದುಕೊಳ್ಳುತ್ತದೆ. ವಿವಿಪ್ಯಾಟ್ (ಮತ ಖಾತ್ರಿ ಯಂತ್ರ) ಬಂದ ಮೇಲೆ, ಮತದಾರ ಆರಿಸಿದ ಚಿಹ್ನೆಯ ಚೀಟಿ ಗಾಜಿನ ಹಿಂದೆ 7 ಸೆಕೆಂಡು ಕಾಣಿಸಿಕೊಂಡು ಕೆಳಗಿನ ಪೆಟ್ಟಿಗೆಗೆ ಬೀಳುತ್ತದೆ. ಮತದಾನಕ್ಕೆ ಮೊದಲು ಏಜೆಂಟರ ಎದುರಿನಲ್ಲಿ ಕನಿಷ್ಠ 50 ಮತಗಳ ಅಣಕು ಮತದಾನ ನಡೆಸಿ, ಲೆಕ್ಕ ತಾಳೆ ನೋಡಿ, ಯಂತ್ರವನ್ನು ಸೊನ್ನೆಗೆ ತಂದು ಮುದ್ರೆ ಹಾಕುವುದನ್ನೂ ಮಕ್ಕಳಿಂದ ಮಾಡಿಸಬಹುದು. ಸೋತವನು ಸೋಲನ್ನು ಒಪ್ಪಿಕೊಳ್ಳುವುದು ಈ ಎಚ್ಚರಿಕೆಗಳೆಲ್ಲ ಕಣ್ಣೆದುರಿಗೆ ನಡೆದಾಗ ಮಾತ್ರ. ಆಡಳಿತದ ಪಾಠ ಅಲ್ಲಿಂದ ಶುರುವಾಗುತ್ತದೆ ಎಂದು ನಾನು ನಂಬಿದ್ದೇನೆ.

ಶಾಯಿಯ ವಿಷಯವನ್ನೂ ವಿಜ್ಞಾನದ ತರಗತಿಯೊಂದಿಗೆ ಸೇರಿಸಿ ಹೇಳಬಹುದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಮೈಸೂರಿನಲ್ಲಿ ಆರಂಭವಾದ ಸಂಸ್ಥೆಯೇ 1962ರ ಮಹಾ ಚುನಾವಣೆಯಿಂದ ಇಡೀ ದೇಶಕ್ಕೆ ಈ ಶಾಯಿಯನ್ನು ಒದಗಿಸುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದೊಂದಿಗೆ ಸೇರಿ ಬೆಳಕಿಗೆ ಕಪ್ಪಾಗುತ್ತದೆ, ಸೋಪಿಗೆ ಹೋಗುವುದಿಲ್ಲ, ಉಗುರು ಬೆಳೆದಂತೆಯೇ ಹೋಗಬೇಕು.

ಒಂದು ಮತದಿಂದ ಏನಾಗುತ್ತದೆ ಎಂದು ಮಕ್ಕಳು ಕೇಳಿದಾಗ ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತ ಬಂದಿತ್ತು. ಈ ಎರಡು ಸಂಖ್ಯೆಗಳನ್ನು ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ಕಳೆಯಿರಿ ಎಂದು ಹೇಳಿ ನಾನು ಸುಮ್ಮನೆ ನಿಲ್ಲುತ್ತಿದ್ದೆ. ಬಹಳ ಹೊತ್ತು ತರಗತಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ಗ್ರಾಮ ಪಂಚಾಯಿತಿ ಮಾಜಿ ಸದಸ್ಯೆ, ಗದಗ ಜಿಲ್ಲೆ

ಮೇಷ್ಟ್ರು ಹೇಳಿದ್ದೆಲ್ಲ ಸರಿ. ಆದರೆ ಆ ಹುಡುಗ ಕೇಳಿದ್ದು, ಗೆದ್ದ ಮೇಲೆ ಏನು ಮಾಡಬೇಕೆಂದು. ಅದಕ್ಕೆ ಉತ್ತರ ಸಿಗುವುದು ಪಂಚಾಯಿತಿ ಕಟ್ಟೆಯಲ್ಲಿ ಎಂದು ನನಗೆ ಅನಿಸುತ್ತದೆ. ದಿಲ್ಲಿಯ ಸಂಸತ್ತಿನಿಂದ ಪಾಠ ಶುರುಮಾಡಿದರೆ ಮಕ್ಕಳಿಗೆ ಸರ್ಕಾರ ಎಂಬುದು ಟಿವಿಯಲ್ಲಿ ಕಾಣುವ ಕಟ್ಟಡವಾಗಿಯೇ ಉಳಿಯುತ್ತದೆ. ಊರಿನ ತೊಂಬೆಯ ನಲ್ಲಿಯಿಂದ ಶುರುಮಾಡಿ ನೋಡಿ.

ನಾನು ಒಂದು ಅವಧಿಗೆ ಸದಸ್ಯೆಯಾಗಿದ್ದೆ. ನಮ್ಮ ರಾಜ್ಯದಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯರಿರುತ್ತಾರೆ. ಅಂದರೆ ಆ ಸದಸ್ಯರ ಮನೆ ಮಕ್ಕಳಿಗೆ ಗೊತ್ತಿರುತ್ತದೆ, ಅವರ ಎಮ್ಮೆಯೂ ಗೊತ್ತಿರುತ್ತದೆ. ಈ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಒಂದೇ ವಾರ್ಡಿನಲ್ಲಿ ಮೂರು ಸ್ಥಾನವಿದ್ದರೆ ಒಬ್ಬ ಮತದಾರ ಮೂವರಿಗೆ ಮತ ಕೊಡಬಹುದು. ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ, ಗೆದ್ದ ಸದಸ್ಯರು ಆರಿಸುತ್ತಾರೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಯಾರೂ ಆರಿಸುವುದಿಲ್ಲ. ಅವರು ಸರ್ಕಾರ ನೇಮಿಸಿದ ಅಧಿಕಾರಿ. ಠರಾವು ಮಾಡುವವರು ಯಾರು, ಅದನ್ನು ಜಾರಿ ಮಾಡುವವರು ಯಾರು ಎಂಬ ಈ ವ್ಯತ್ಯಾಸ ಒಂದು ಸಲ ಪಂಚಾಯಿತಿಯಲ್ಲಿ ತಿಳಿದರೆ, ಶಾಸಕಾಂಗ ಮತ್ತು ಕಾರ್ಯಾಂಗ ಎಂಬ ಪಾಠದ ಪದಗಳು ತಾವಾಗಿಯೇ ತಿಳಿಯುತ್ತವೆ.

ಮಕ್ಕಳ ಗ್ರಾಮ ಸಭೆಯ ಬಗ್ಗೆ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ಪಂಚಾಯಿತಿಯಲ್ಲಿ ನವೆಂಬರ್ ಬಂದರೆ ಶಾಲೆಗಳಿಂದ ಮಕ್ಕಳನ್ನು ಕರೆಸುತ್ತಿದ್ದೆವು. ಸ್ವಾಗತ ಗೀತೆ, ಭಾಷಣ, ಬಿಸ್ಕತ್ತು ಎಲ್ಲ ಆಗುತ್ತಿತ್ತು. ಮಕ್ಕಳು ಶಾಲೆಯ ಕಾಂಪೌಂಡ್, ಬೀದಿದೀಪ, ಬಸ್ಸಿನ ವೇಳೆ, ಸಾರಾಯಿ ಕುಡಿದು ಶಾಲೆಯ ಜಗುಲಿಯ ಮೇಲೆ ಮಲಗುವವರು ಎಂದು ಎಲ್ಲವನ್ನೂ ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಆ ಚೀಟಿಗಳನ್ನು ನಾವು ಕಡತಕ್ಕೆ ಸೇರಿಸಿ ಮುಚ್ಚುತ್ತಿದ್ದೆವು. ಎರಡನೇ ವರ್ಷ ಒಬ್ಬ ಹುಡುಗಿ ಎದ್ದು ನಿಂತು, "ಹೋದ ವರ್ಷದ ಚೀಟಿ ಏನಾತ್ರಿ ಅಕ್ಕಾರ?" ಎಂದು ನನ್ನನ್ನೇ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ನಾವು ಒಂದು ಪದ್ಧತಿ ಮಾಡಿಕೊಂಡೆವು: ಸಭೆ ಶುರುವಾಗುವುದೇ ಹಿಂದಿನ ವರ್ಷದ ಬೇಡಿಕೆಗಳನ್ನು ಓದುವುದರಿಂದ. ಯಾವುದು ಆಗಿದೆ, ಯಾವುದಕ್ಕೆ ಹಣವಿಲ್ಲ, ಯಾವುದು ಪಂಚಾಯಿತಿಯ ಕೈಯಲ್ಲಿಲ್ಲ ಎಂದು ಒಂದೊಂದಕ್ಕೂ ಹೇಳಬೇಕು. ಬಸ್ಸಿನ ವೇಳೆ ನಮ್ಮ ಕೈಯಲ್ಲಿಲ್ಲ, ಅದು ಸಾರಿಗೆ ಸಂಸ್ಥೆಗೆ ಬರೆಯಬೇಕಾದದ್ದು ಎಂದು ಹೇಳಿ, ಮಕ್ಕಳಿಂದಲೇ ಪತ್ರ ಬರೆಸಿ, ಪಂಚಾಯಿತಿಯ ಮುದ್ರೆ ಹಾಕಿ ಕಳಿಸಿದೆವು. ಇಲ್ಲ ಎನ್ನುವ ಉತ್ತರವೂ ಉತ್ತರವೇ. ಮಕ್ಕಳು ಅದನ್ನು ಸಹಿಸುತ್ತಾರೆ. ಉತ್ತರವೇ ಬಾರದಿದ್ದರೆ ಅವರು ಕೇಳುವುದನ್ನು ಬಿಡುತ್ತಾರೆ, ಮೇಡಂ ಹೇಳಿದ ಹುಡುಗನಂತೆ.

ಇಬ್ಬರು ಮಕ್ಕಳ ತಂದೆ, ಬೆಂಗಳೂರು

ಅಕ್ಕ, ನಿಮ್ಮ ಮಾತು ಓದಿ ನಮ್ಮ ಊರಿನ ಸ್ಥಿತಿ ನೆನೆದು ಬೇಸರವಾಯಿತು. ನನ್ನ ಮಗಳಿಗೆ ಐದನೇ ತರಗತಿಯಲ್ಲಿ, ನಿಮ್ಮ ವಾರ್ಡಿನ ಸದಸ್ಯರ ಹೆಸರು ಬರೆದುಕೊಂಡು ಬಾ ಎಂದು ಹೇಳಿದ್ದರು. ಇಲ್ಲಿ 2015ರಲ್ಲಿ ಆಯ್ಕೆಯಾದ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಸದಸ್ಯರು ಇಲ್ಲ ಎಂದು ಬರೆದುಕೊಂಡು ಹೋದ ಮಗು, "ಹಾಗಾದರೆ ಕಸ ಎತ್ತಿಸುವುದು ಯಾರು?" ಎಂದು ಕೇಳಿತು. ಅಧಿಕಾರಿಗಳು ಎಂದೆ. "ಅವರನ್ನು ಯಾರು ಕೇಳುತ್ತಾರೆ?" ಎಂದಳು. ಈ ಎರಡನೇ ಪ್ರಶ್ನೆಯೇ ಪೌರನೀತಿಯ ಪಾಠವೆಲ್ಲದರ ತಿರುಳು ಎಂದು ನನಗೆ ಅಂದು ತೋರಿತು.

2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಮತದಾನ ಶೇ 73 ಇದ್ದರೆ ಬೆಂಗಳೂರಿನದು ಶೇ 54ರ ಆಸುಪಾಸಿನಲ್ಲಿತ್ತು. ಅದೇ ಚುನಾವಣೆಯಲ್ಲಿ ಜಯನಗರದ ಫಲಿತಾಂಶ 16 ಮತಗಳ ಅಂತರದಲ್ಲಿ ನಿರ್ಧಾರವಾಯಿತು. ನಮ್ಮ ಅಪಾರ್ಟ್‌ಮೆಂಟಿನ ಒಂದು ಮಹಡಿಯಲ್ಲಿ ಅದಕ್ಕಿಂತ ಹೆಚ್ಚು ಮತದಾರರಿದ್ದಾರೆ. ಈಗ ನಾನು ಮತ ಹಾಕಲು ಹೋಗುವಾಗ ಮಗಳನ್ನು ಶಾಲೆಯ ಗೇಟಿನವರೆಗೆ ಕರೆದುಕೊಂಡು ಹೋಗುತ್ತೇನೆ. ಸಾಲಿನಲ್ಲಿ ನಮ್ಮ ಮನೆಗೆಲಸದ ಅಮ್ಮ, ಪಕ್ಕದ ಬ್ಯಾಂಕಿನ ಮ್ಯಾನೇಜರ್ ಒಬ್ಬರ ಹಿಂದೊಬ್ಬರು ನಿಂತಿರುವುದನ್ನು ಅವಳು ನೋಡಿದ್ದಾಳೆ.

ಕಾಲೇಜು ಉಪನ್ಯಾಸಕ, ಕಲಬುರಗಿ

ಇಲ್ಲಿ ಯಾರೂ ಮುಟ್ಟದ ಒಂದು ವಿಷಯವನ್ನು ಎತ್ತಲು ಅನುಮತಿ ಕೊಡಿ. ನಾವು ಶಾಲೆಯಲ್ಲಿ ಪವಿತ್ರ ಮತದಾನ ಎನ್ನುತ್ತೇವೆ. ಅದೇ ಮಗು ಚುನಾವಣೆಯ ಹಿಂದಿನ ರಾತ್ರಿ ತನ್ನ ಮನೆಯ ಬಾಗಿಲಿಗೆ ಯಾರೋ ಬಂದು ತಲೆಗಿಷ್ಟು ಎಂದು ಎಣಿಸಿ ನೋಟು ಕೊಡುವುದನ್ನು, ಅವ್ವ ಅದನ್ನು ಸೆರಗಿನ ಗಂಟಿಗೆ ಕಟ್ಟುವುದನ್ನು ನೋಡಿರುತ್ತದೆ. 2020ರ ಗ್ರಾಮ ಪಂಚಾಯಿತಿ ಚುನಾವಣೆಯ ವೇಳೆ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿ, ಹೆಚ್ಚು ಕೂಗಿದವರನ್ನು "ಅವಿರೋಧ" ಆಯ್ಕೆ ಮಾಡಿದ ಸುದ್ದಿಯನ್ನೂ ನಾವೆಲ್ಲ ಓದಿದ್ದೇವೆ. ಇದರ ಬಗ್ಗೆ ಮೌನವಾಗಿದ್ದು ಉಳಿದುದನ್ನು ಕಲಿಸಿದರೆ ಮಕ್ಕಳು ನಮ್ಮ ಮಾತನ್ನು ನಂಬುವುದಿಲ್ಲ.

ಸಾವಿರ ರೂಪಾಯಿಯನ್ನು ಐದು ವರ್ಷದ 1,826 ದಿನಗಳಿಗೆ ಹಂಚಿದರೆ ದಿನಕ್ಕೆ 55 ಪೈಸೆಯೂ ಬೀಳುವುದಿಲ್ಲ ಎಂಬ ಲೆಕ್ಕವನ್ನು ನಾನೂ ಮೊದಮೊದಲು ಹೇಳಿಕೊಡುತ್ತಿದ್ದೆ. ಆದರೆ ಒಂದು ಸಲ ಹಿಂದಿನ ಬೆಂಚಿನ ಹುಡುಗನೊಬ್ಬನ ಮುಖ ಬಾಡಿದ್ದನ್ನು ಕಂಡೆ. ಅವನ ತಾಯಿಗೆ ಆ ಸಾವಿರ ಮೂರು ದಿನದ ಕೂಲಿ. ನನ್ನ ಲೆಕ್ಕ ಆ ಮಗುವಿನ ತಾಯಿಯನ್ನು ಅವಮಾನ ಮಾಡುತ್ತಿತ್ತೇ ಹೊರತು ಬೇರೇನನ್ನೂ ಕಲಿಸುತ್ತಿರಲಿಲ್ಲ. ಅಂದಿನಿಂದ ಆ ಲೆಕ್ಕವನ್ನು ಬಿಟ್ಟು ಗುಪ್ತ ಮತದಾನದ ಬಗ್ಗೆ ಹೇಳುತ್ತೇನೆ. ಹಣ ಕೊಡುವುದೂ ಪಡೆಯುವುದೂ ಕಾನೂನಿನ ಪ್ರಕಾರ ಅಪರಾಧ ಎಂಬುದನ್ನು ಸ್ಪಷ್ಟವಾಗಿ ಹೇಳಿದ ಮೇಲೆ, ಹಣ ಕೊಟ್ಟವನಿಗಾಗಲಿ ಹೊಲದ ಧಣಿಗಾಗಲಿ ನಿಮ್ಮ ಅವ್ವ ಯಾವ ಗುಂಡಿ ಒತ್ತಿದಳೆಂದು ತಿಳಿಯುವ ದಾರಿಯೇ ಇಲ್ಲ ಎಂದು ವಿವರಿಸುತ್ತೇನೆ. ಆಣೆ ಹಾಕಿಸಿಕೊಂಡರೂ, ಹೆದರಿಸಿದರೂ, ಆ ರಟ್ಟಿನ ಮರೆಯ ಒಳಗೆ ಅವಳು ಒಬ್ಬಳೇ. ಇಡೀ ದಿನದಲ್ಲಿ ಯಾರ ಅಪ್ಪಣೆಯೂ ಇಲ್ಲದ ಒಂದು ನಿಮಿಷ ಎಷ್ಟೋ ಹೆಣ್ಣುಮಕ್ಕಳಿಗೆ ಅಲ್ಲಿಯೇ ಸಿಗುತ್ತದೆ.

ಆದ್ದರಿಂದ ಮೇಡಂ, ನಿಮ್ಮ ಶಾಲೆಯ ಮತದಾನದಲ್ಲಿ ಮೊಬೈಲ್ ಹಿಡಿದ ಶಿಕ್ಷಕರು ಮಗುವಿನ ಪಕ್ಕದಲ್ಲೇ ನಿಲ್ಲುತ್ತಿದ್ದರೆ ಅದನ್ನು ದಯವಿಟ್ಟು ನಿಲ್ಲಿಸಿ.

ಅಂಗನವಾಡಿ ಕಾರ್ಯಕರ್ತೆ ಹಾಗೂ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ), ಹಾಸನ ಜಿಲ್ಲೆ

ಮತದಾರರ ಪಟ್ಟಿಯನ್ನು ಮಕ್ಕಳ ಕೈಗೆ ಕೊಡಿ ಎಂಬುದಷ್ಟೇ ನನ್ನ ಸಲಹೆ. ಕರಡು ಪಟ್ಟಿ ಅಂಟಿಸಿದಾಗ ನಮ್ಮ ಊರಿನ ಹೈಸ್ಕೂಲ್ ಮಕ್ಕಳು ಬಂದು ತಮ್ಮ ಅಜ್ಜಿಯ ಹೆಸರನ್ನು ಹುಡುಕುತ್ತಾರೆ. ಹೆಸರು ತಪ್ಪಾಗಿದ್ದರೆ ನಮೂನೆ 8, ತೀರಿಕೊಂಡವರ ಹೆಸರು ಉಳಿದಿದ್ದರೆ ನಮೂನೆ 7, ಅಕ್ಕನಿಗೆ ಹದಿನೆಂಟು ತುಂಬುತ್ತಿದ್ದರೆ ನಮೂನೆ 6 ಎಂದು ಅವರಿಗೆ ಈಗ ಬಾಯಿಗೆ ಬಂದಿದೆ. ಹದಿನೇಳು ತುಂಬಿದವರೇ ಮುಂಚಿತವಾಗಿ ಅರ್ಜಿ ಹಾಕಬಹುದು. ವರ್ಷಕ್ಕೆ ಒಂದೇ ಅರ್ಹತಾ ದಿನವಿದ್ದದ್ದು ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದರಂತೆ ನಾಲ್ಕಾಗಿದೆ.

1951–52ರ ಮೊದಲ ಮಹಾ ಚುನಾವಣೆಯ ಪಟ್ಟಿ ಸಿದ್ಧವಾದಾಗ, ಉತ್ತರ ಭಾರತದ ಕೆಲವು ಕಡೆ ಹೆಂಗಸರು ತಮ್ಮ ಹೆಸರನ್ನೇ ಹೇಳದೆ, ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಸಿದ್ದರಂತೆ. ಅಂದಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು ಹಾಗೆ ಒಪ್ಪಿಕೊಳ್ಳದ ಕಾರಣ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಈ ಸಂಗತಿಯನ್ನು ಹೇಳಿದ ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಪಟ್ಟಿಯಲ್ಲಿದ್ದ ತನ್ನ ಅಜ್ಜಿಯ ಹೆಸರಿನ ಮೇಲೆ ಬೆರಳಿಟ್ಟು, "ನಮ್ಮಜ್ಜಿ ಹೆಸರು ಪುಟ್ಟಮ್ಮ ಅಲ್ಲ ಅಕ್ಕ, ಅದು ಮನೇಲಿ ಕರಿಯೋದು" ಎಂದಳು. ಆ ಅಜ್ಜಿಗೆ ಅಪ್ಪ ಇಟ್ಟ ಹೆಸರನ್ನು ಮೊಮ್ಮಗಳೇ ತುಂಬಿಸಿ ತಂದುಕೊಟ್ಟಳು.

ಸಮಾಜ ವಿಜ್ಞಾನ ಶಿಕ್ಷಕಿ, ತುಮಕೂರು ಜಿಲ್ಲೆ

ಎಲ್ಲರಿಗೂ ಕೃತಜ್ಞತೆಗಳು. ಪ್ರಶ್ನೆ ಕೇಳಿ ನಾಲ್ಕು ತಿಂಗಳಾಯಿತು. ನಿಮ್ಮ ಸಲಹೆಗಳಲ್ಲಿ ಕೆಲವನ್ನು ಮಾಡಿ ನೋಡಿಯೇ ಬರೆಯೋಣವೆಂದು ತಡೆದಿದ್ದೆ.

ಈ ಸಲ ನಾಮಪತ್ರಕ್ಕೂ ಮೊದಲು ಮುಖ್ಯ ಶಿಕ್ಷಕರನ್ನೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರನ್ನೂ ಕೂರಿಸಿಕೊಂಡು, ಮಕ್ಕಳ ಸಂಸತ್ತು ನಿಜವಾಗಿ ತೀರ್ಮಾನಿಸಬಹುದಾದ ವಿಷಯಗಳು ಯಾವುವು ಎಂದು ಒಂದು ಹಾಳೆಯಲ್ಲಿ ಬರೆಸಿಕೊಂಡೆ. ಕೈತೋಟದಲ್ಲಿ ಯಾವ ತರಕಾರಿ ಬೆಳೆಯಬೇಕು, ಗ್ರಂಥಾಲಯದ ಪುಸ್ತಕ ಯಾವ ತರಗತಿಗೆ ಯಾವ ದಿನ, ಆಟದ ಸಾಮಾನುಗಳನ್ನು ಯಾರು ಯಾವಾಗ ಬಳಸಬೇಕು, ಎಸ್‌ಡಿಎಂಸಿ ಕೊಟ್ಟ ಎರಡು ಸಾವಿರ ರೂಪಾಯಿಯನ್ನು ಯಾವುದಕ್ಕೆ ಖರ್ಚು ಮಾಡಬೇಕು. ಪಟ್ಟಿ ಚಿಕ್ಕದು, ಆದರೆ ಅದರಲ್ಲಿ ಶಿಕ್ಷಕರು ಕೈ ಹಾಕುವಂತಿಲ್ಲ. ಅಭ್ಯರ್ಥಿಗಳು ಆ ಪಟ್ಟಿಯ ಮೇಲೆಯೇ ಮಾತಾಡಿ ಮತ ಕೇಳಬೇಕೆಂದು ತಿಳಿಸಿದೆವು. ಹೀಗಾಗಿ "ನಮ್ಮ ಶಾಲೆಯನ್ನು ಸ್ವರ್ಗ ಮಾಡುತ್ತೇವೆ" ಎಂಬ ಭಾಷಣಗಳು ನಿಂತುಹೋದವು. ಹಳೆಯ ಸೀರೆಯೊಂದನ್ನು ಮೂಲೆಗೆ ಕಟ್ಟಿ ಮರೆ ಮಾಡಿದೆವು, ಮೊಬೈಲನ್ನು ಒಳಗಿಟ್ಟು ನಾವು ಹೊರಗೆ ನಿಂತೆವು. ಉಪನ್ಯಾಸಕರು ಹೇಳಿದ್ದು ನಿಜ. ಒಳಗೆ ಹೋದ ಎರಡನೇ ತರಗತಿಯ ಮಗುವೊಂದು ಬಹಳ ಹೊತ್ತು ಹೊರಗೆ ಬರಲೇ ಇಲ್ಲ. ಬಂದ ಮೇಲೆ ಯಾರಿಗೆ ಹಾಕಿದೆ ಎಂದು ಗೆಳತಿ ಕೇಳಿದರೆ, "ಹೇಳಂಗಿಲ್ಲ" ಎಂದು ಬಾಯಿ ಮುಚ್ಚಿಕೊಂಡಿತು.

ಮಕ್ಕಳು ಬ್ಯಾಗಿಲ್ಲದೆ ಶಾಲೆಗೆ ಬರುವ ಸಂಭ್ರಮ ಶನಿವಾರದಂದು ಅರ್ಧ ಗಂಟೆ ಪ್ರಶ್ನೋತ್ತರಕ್ಕೆ ಮೀಸಲಿಟ್ಟಿದ್ದೇವೆ. ಯಾವ ತರಗತಿಯವರು ಬೇಕಾದರೂ ಕೇಳಬಹುದು. ಮಂತ್ರಿಗೆ ಉತ್ತರ ಗೊತ್ತಿಲ್ಲದಿದ್ದರೆ ಒಂದು ವಾರದೊಳಗೆ ಬರೆದು ಸೂಚನಾ ಫಲಕಕ್ಕೆ ಹಾಕಬೇಕು. ಮೊದಲ ಸಭೆಯಲ್ಲಿ ನಾಲ್ಕನೇ ತರಗತಿಯ ಹುಡುಗಿ ಎದ್ದು, ವಾಲಿಬಾಲ್ ಯಾವಾಗಲೂ ಗಂಡುಹುಡುಗರ ಹತ್ತಿರವೇ ಏಕಿರುತ್ತದೆ ಎಂದು ಕೇಳಿದಳು. ಕ್ರೀಡಾ ಮಂತ್ರಿ ತಲೆ ತಗ್ಗಿಸಿ ನಿಂತ. ವಿರೋಧ ಪಕ್ಷದ ನಾಯಕಿ ವಾರದಲ್ಲಿ ಎರಡು ಸಲ ಅದನ್ನು ನೆನಪಿಸಿದಳಂತೆ.

ಶೌಚಾಲಯದ ನಲ್ಲಿ ಮತ್ತು ಚಿಲಕದ ವಿಷಯವನ್ನು ಸಂಸತ್ತು ತಾನಾಗಿಯೇ ಕೈಗೆತ್ತಿಕೊಂಡಿತು. ಎರಡು ಸಾವಿರದಲ್ಲಿ ಚಿಲಕ, ಬಕೆಟ್ಟು, ಮಗ್ಗು ಬಂದವು. ನೀರಿನ ಪೈಪು ಆ ಹಣದಲ್ಲಿ ಆಗುವಂಥದ್ದಲ್ಲ ಎಂದು ತಿಳಿದ ಮೇಲೆ ಮಕ್ಕಳೇ ಅರ್ಜಿ ಬರೆದು, ನಮ್ಮ ವಾರ್ಡಿನ ಪಂಚಾಯಿತಿ ಸದಸ್ಯರ ಮನೆಗೆ ಹೋಗಿ ಕೊಟ್ಟು ಬಂದರು. ಮುಂದಿನ ಮಕ್ಕಳ ಗ್ರಾಮ ಸಭೆಯಲ್ಲಿ ಅದರ ಉತ್ತರ ಕೇಳುವವರು ಯಾರು ಎಂಬುದನ್ನೂ ಠರಾವು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ.

ನಿವೃತ್ತ ಮುಖ್ಯ ಶಿಕ್ಷಕ, ಚಾಮರಾಜನಗರ ಜಿಲ್ಲೆ

ಬಹಳ ಸಂತೋಷವಾಯಿತು ಮೇಡಂ. ವಾಲಿಬಾಲ್ ಪ್ರಶ್ನೆಗೆ ಕ್ರೀಡಾ ಮಂತ್ರಿ ಏನೆಂದು ಉತ್ತರ ಬರೆದ? ಆ ಆರೋಗ್ಯ ಮಂತ್ರಿ ಹುಡುಗನಿಗೆ ಈ ಸುದ್ದಿ ತಲುಪಿದೆಯೇ?

ಸಮಾಜ ವಿಜ್ಞಾನ ಶಿಕ್ಷಕಿ, ತುಮಕೂರು ಜಿಲ್ಲೆ

ಸರ್, ಉತ್ತರ ಶುಕ್ರವಾರ ಸಂಜೆ ಫಲಕದ ಮೇಲಿತ್ತು: "ಸೋಮವಾರ, ಬುಧವಾರ, ಶುಕ್ರವಾರ ಹುಡುಗಿಯರಿಗೆ. ಚೆಂಡು ಇನ್ನು ಮೇಲೆ ನನ್ನ ಬ್ಯಾಗಿನಲ್ಲಿ ಇರುವುದಿಲ್ಲ, ಆಫೀಸಿನಲ್ಲಿ ಇರುತ್ತದೆ." ಕೆಳಗೆ ಸಹಿ, ದಿನಾಂಕ.

ಆ ಹುಡುಗ ಈಗ ಪಕ್ಕದ ಊರಿನ ಹೈಸ್ಕೂಲಿನಲ್ಲಿ ಎಂಟನೇ ತರಗತಿ ಓದುತ್ತಿದ್ದಾನೆ. ಅವನ ತಂಗಿ ನಮ್ಮ ಶಾಲೆಯಲ್ಲೇ ಇದ್ದಾಳೆ. ಚಿಲಕ ಹಾಕಿದ ದಿನ ಅವಳು ಮನೆಗೆ ಹೋಗಿ ಹೇಳಿದ್ದಾಳೆ. ಮರುದಿನ ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ಅವನು ನಮ್ಮ ಶಾಲೆಯ ಗೇಟಿನ ಹತ್ತಿರ ನಿಂತಿದ್ದ. "ನೀರೂ ಬಂತಾ ಮಿಸ್?" ಎಂದು ಕೇಳಿದ. ಇನ್ನೂ ಇಲ್ಲ, ಅರ್ಜಿ ಕೊಟ್ಟಿದ್ದೇವೆ ಎಂದೆ. ಅರ್ಜಿ ತಲುಪಿದ್ದಕ್ಕೆ ಸ್ವೀಕೃತಿ ಪಡೆದಿದ್ದೀರಾ ಎಂದು ಕೇಳಿದ. ಪಡೆದಿರಲಿಲ್ಲ. ಅಂದು ಮಧ್ಯಾಹ್ನವೇ ಈ ವರ್ಷದ ಆರೋಗ್ಯ ಮಂತ್ರಿಯನ್ನು ಕಳಿಸಿ ಪಂಚಾಯಿತಿ ಕಚೇರಿಯಿಂದ ಮುದ್ರೆ ಹಾಕಿಸಿಕೊಂಡು ಬಂದೆವು.